ಪರದೆ ಅಳಿದರೆ ಅಳಿಯುವುದೇನು?

ಒಂದು ವಸ್ತುವಿನ ಹೊರರೂಪ ಪೂರ್ತಿಯಾಗಿ ಬದಲಾದ ಮೇಲೂ ಅದನ್ನು ಅದೇ ವಸ್ತುವೆಂದು ಕರೆಯಲು ಆಧಾರವೇನು ಎಂಬ ಪ್ರಶ್ನೆ ಭಾರತೀಯ ದರ್ಶನಗಳ ನಡುವಿನ ಹಳೆಯ ವಿವಾದಗಳಲ್ಲಿ ಒಂದು. ಬ್ಯಾಂಕು, ವಿಮಾ ಸಂಸ್ಥೆ, ಸರ್ಕಾರಿ ಇಲಾಖೆಗಳ ಲೆಕ್ಕಪತ್ರವನ್ನು ದಶಕಗಳಿಂದ ಹೊತ್ತಿರುವ ಮೇನ್‌ಫ್ರೇಮ್‌ಗಳ, ಅಂದರೆ ಏಕಕಾಲಕ್ಕೆ ಸಾವಿರಾರು ಬಳಕೆದಾರರ ವ್ಯವಹಾರವನ್ನು ನಿಭಾಯಿಸಬಲ್ಲ ಬೃಹತ್ ಗಣಕಗಳ, ಹಳೆಯ ಪರದೆಗಳನ್ನು ಬ್ರೌಸರಿಗೆ ಹೊಂದಿಸುವ ಕೆಲಸದಲ್ಲಿ ಅದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಗುತ್ತದೆ. ತಂತ್ರಜ್ಞರು ಈ ಕೆಲಸವನ್ನು ಆಧುನೀಕರಣ ಎನ್ನುತ್ತಾರೆ. ಆದರೆ ಅದರಲ್ಲಿ ಹುಟ್ಟಿದ್ದೇನು, ಅಳಿದದ್ದೇನು, ಉಳಿದದ್ದೇನು ಎಂಬುದನ್ನು ವಿಂಗಡಿಸದ ಹೊರತು ಅದು ಜೀರ್ಣೋದ್ಧಾರವೋ ಬರಿಯ ಬಣ್ಣ ಬಳಿಯುವಿಕೆಯೋ ಎಂದು ನಿರ್ಣಯಿಸಲಾಗದು.

ಐಬಿಎಂ ಸಂಸ್ಥೆ 1971ರಲ್ಲಿ ಪ್ರಕಟಿಸಿದ 3270 ಸರಣಿಯ ಟರ್ಮಿನಲ್‌ಗಳು ಈ ಚರ್ಚೆಯ ಮುಖ್ಯ ನಿದರ್ಶನ. ಟರ್ಮಿನಲ್ ಎಂದರೆ ಸ್ವತಃ ಲೆಕ್ಕ ಮಾಡದೆ, ದೂರದ ಗಣಕದೊಂದಿಗೆ ಮಾಹಿತಿ ಹಂಚಿಕೊಳ್ಳುವ ಪರದೆ ಮತ್ತು ಕೀಲಿಮಣೆಯ ಜೋಡಿ. ಈ ಸರಣಿಯಲ್ಲಿ ಹೆಚ್ಚು ಬಳಕೆಗೆ ಬಂದ ಪರದೆಯಲ್ಲಿ 24 ಸಾಲುಗಳೂ ಸಾಲಿಗೆ 80 ಅಕ್ಷರಗಳೂ, ಒಟ್ಟು 1920 ಸ್ಥಾನಗಳಿದ್ದವು. 80 ಎಂಬ ಅಳತೆಯಾದರೂ 1928ರಿಂದ ಬಳಕೆಯಲ್ಲಿದ್ದ ರಂಧ್ರಪತ್ರದ 80 ಕಾಲಮ್‌ಗಳನ್ನು ನೆನಪಿಸುವಂಥದ್ದು. ಪರದೆಯನ್ನು ಫೀಲ್ಡ್‌ಗಳೆಂಬ ಖಾನೆಗಳಾಗಿ ವಿಭಾಗಿಸಲಾಗಿತ್ತು. ಕೆಲವು ಖಾನೆಗಳಲ್ಲಿ ಬರೆಯಬಹುದು, ಕೆಲವನ್ನು ಮುಟ್ಟುವಂತಿಲ್ಲ, ಕೆಲವು ಅಂಕಿಗಳಿಗೆ ಮಾತ್ರ ಮೀಸಲು ಎಂಬ ನಿಯಮವನ್ನು ಪ್ರತಿ ಖಾನೆಯ ಆರಂಭದಲ್ಲಿ ಖಾಲಿ ಜಾಗದಂತೆ ಕಾಣುವ ಒಂದು ಸಂಕೇತವೇ ಹೊತ್ತಿರುತ್ತಿತ್ತು. ಗುಮಾಸ್ತ ಖಾನೆಗಳನ್ನು ತುಂಬುವಷ್ಟು ಹೊತ್ತೂ ಮೇನ್‌ಫ್ರೇಮಿಗೆ ಅದರ ಅರಿವಿರುತ್ತಿರಲಿಲ್ಲ. ಎಂಟರ್ ಕೀಲಿ ಒತ್ತಿದಾಗ ಬದಲಾದ ಖಾನೆಗಳು ಒಟ್ಟಾಗಿ ಸಾಗಿ, ಉತ್ತರ ಬರುವವರೆಗೆ ಕೀಲಿಮಣೆಗೆ ಬೀಗ ಬೀಳುತ್ತಿತ್ತು.

ಇಂಥ ಪರದೆಯನ್ನು ಬ್ರೌಸರಿಗೆ ತರುವ ಮಾರ್ಗಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಎಮ್ಯುಲೇಟರ್, ಅಂದರೆ ಟರ್ಮಿನಲ್ಲಿನ ನಡವಳಿಕೆಯನ್ನು ಅನುಕರಿಸುವ ತಂತ್ರಾಂಶ, ಹಳೆಯ ಪರದೆಯನ್ನು ಇದ್ದಂತೆಯೇ ಬ್ರೌಸರಿನೊಳಗೆ ತೋರಿಸುವುದು ಮೊದಲನೆಯದು. ಸ್ಕ್ರೀನ್ ಸ್ಕ್ರೇಪಿಂಗ್ ಎಂಬ ಎರಡನೆಯ ಮಾರ್ಗದಲ್ಲಿ, ಇಂತಿಷ್ಟನೆಯ ಸಾಲಿನ ಇಂತಿಷ್ಟನೆಯ ಸ್ಥಾನದಲ್ಲಿರುವುದು ಗ್ರಾಹಕರ ಸಂಖ್ಯೆ ಎಂಬ ತಿಳಿವಳಿಕೆಯ ಮೇಲೆ ಮಧ್ಯವರ್ತಿ ತಂತ್ರಾಂಶವೊಂದು ಹಳೆಯ ಪರದೆಯನ್ನು ಓದಿ ಅದಕ್ಕೆ ಹೊಸ ಪುಟದ ಆಕಾರ ಕೊಡುತ್ತದೆ. ಮೂರನೆಯದರಲ್ಲಿ ಪರದೆಯ ಗೊಡವೆಯನ್ನೇ ಬಿಟ್ಟು, ಕೋಬಾಲ್ ಭಾಷೆಯಲ್ಲಿರುವ ಮೂಲ ಕ್ರಮವಿಧಿಯನ್ನು ವೆಬ್ ಪುಟ ಸೇವೆಯ ರೂಪದಲ್ಲಿ ನೇರವಾಗಿ ಕರೆಯುತ್ತದೆ. ವೆಬ್ಬಿಗೆ ಮೇನ್‌ಫ್ರೇಮ್ ಪರಕೀಯವೇನಲ್ಲ. ಯೂರೋಪಿನ ಹೊರಗಿನ ಮೊದಲ ವೆಬ್ ಸರ್ವರ್ 1991ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರೇಖೀಯ ವೇಗವರ್ಧಕ ಕೇಂದ್ರದಲ್ಲಿ ಆರಂಭವಾದದ್ದು ಅಲ್ಲಿನ ಐಬಿಎಂ ಮೇನ್‌ಫ್ರೇಮಿನಲ್ಲಿದ್ದ ಭೌತಶಾಸ್ತ್ರ ಪ್ರಬಂಧಗಳ ಸೂಚಿಯನ್ನು ದೂರದ ಸಂಶೋಧಕರಿಗೆ ಒದಗಿಸುವುದಕ್ಕಾಗಿ.

ಈ ಬದಲಾವಣೆಯನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಸಮಾಧಾನವೆಂದರೆ, ಪರದೆ ಕೇವಲ ಹೊದಿಕೆ, ಒಳಗಿನ ಕ್ರಮವಿಧಿಯೇ ನಿಜವಾದ ವಸ್ತು ಎಂಬುದು. ಈ ನಿಲುವಿಗೆ ವೇದಾಂತದ ಬಲವಿದೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಮಣ್ಣನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ ಎಂದು ಉಪದೇಶಿಸುತ್ತಾನೆ. ಬ್ರಹ್ಮಸೂತ್ರದ ಆರಂಭಣಾಧಿಕರಣದ ಭಾಷ್ಯದಲ್ಲಿ ಶಂಕರರು ಇದನ್ನು ಆಧರಿಸಿ, ಕಾರ್ಯವು ಕಾರಣಕ್ಕಿಂತ ಬೇರೆಯಾಗಿಲ್ಲವೆಂದು ಪ್ರತಿಪಾದಿಸುತ್ತಾರೆ. ಆದರೆ ಅದ್ವೈತದ ಈ ಮಾತು ಪರಮಾರ್ಥವನ್ನು ಕುರಿತದ್ದು. ವ್ಯವಹಾರದ ನೆಲೆಯಲ್ಲಿ ನೀರು ತರಲು ಮಡಕೆಯೇ ಬೇಕು, ಮಣ್ಣಿನ ಮುದ್ದೆ ಸಾಲದು ಎಂಬುದನ್ನು ಅದೂ ಅಲ್ಲಗಳೆಯುವುದಿಲ್ಲ. ಗಣಕದ ಕ್ರಮವಿಧಿಯಾಗಲಿ ಅದರ ಪರದೆಯಾಗಲಿ ಪೂರ್ಣವಾಗಿ ವ್ಯವಹಾರಕ್ಕೆ ಸೇರಿದವು. ಆದ್ದರಿಂದ ಒಂದನ್ನು ಸತ್ಯದ ಪೀಠಕ್ಕೇರಿಸಿ ಮತ್ತೊಂದನ್ನು ತೋರಿಕೆಯೆಂದು ತಳ್ಳಿಹಾಕಲು ವೇದಾಂತದ ಸಾಕ್ಷ್ಯ ಒದಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಉಳಿಯುವ ತಿರುಳೆಂಬುದೇ ಇಲ್ಲ, ಇರುವುದು ಕ್ಷಣಗಳ ಸಂತಾನ, ಅಂದರೆ ಒಂದರ ಹಿಂದೊಂದಾಗಿ ಸಾಗುವ ಸರಣಿ, ಮಾತ್ರ ಎನ್ನುವ ಬೌದ್ಧ ನಿಲುವು ಮೇನ್‌ಫ್ರೇಮಿನ ಒಳನಡೆಗೆ ಬೆರಗಾಗುವಷ್ಟು ಹತ್ತಿರವಾಗಿದೆ. 1969ರಲ್ಲಿ ಬಿಡುಗಡೆಯಾದ ಸಿಐಸಿಎಸ್ ಎಂಬ ವ್ಯವಹಾರ ನಿರ್ವಹಣಾ ತಂತ್ರಾಂಶದಲ್ಲಿ ಸ್ಯೂಡೋ-ಕನ್ವರ್ಸೇಷನಲ್ ಎಂಬ ಕ್ರಮ ರೂಢಿಗೆ ಬಂತು. ಅದರಂತೆ ಕ್ರಮವಿಧಿಯು ಪರದೆಯನ್ನು ಕಳುಹಿಸಿದೊಡನೆ ಕೊನೆಗೊಳ್ಳುತ್ತದೆ, ಬಳಕೆದಾರ ಎಂಟರ್ ಒತ್ತಿದಾಗ ಹೊಸದೊಂದು ಕಾರ್ಯ ಹುಟ್ಟುತ್ತದೆ, ಹಿಂದಿನದರಿಂದ ಅದಕ್ಕೆ ದೊರೆಯುವುದು ಹಸ್ತಾಂತರವಾದ ಒಂದಿಷ್ಟು ಸ್ಮೃತಿ ಮಾತ್ರ. ಅಖಂಡ ಸಂಭಾಷಣೆಯೆಂದು ಗುಮಾಸ್ತನಿಗೆ ತೋರುವುದು ವಾಸ್ತವವಾಗಿ ಹುಟ್ಟಿ ಸಾಯುವ ಕಾರ್ಯಗಳ ಸರಣಿ. ಟರ್ಮಿನಲ್ಲಿನ ಗತಿಯೂ ಇದೇ: ಅಂತರಜಾಲದ ಮೂಲಕ 3270ರ ಸಂವಹನ ನಡೆಸುವ ಟಿಎನ್3270 ಪದ್ಧತಿ 1994ರಲ್ಲಿ ದಾಖಲಾಗುವ ವೇಳೆಗಾಗಲೇ ಎಷ್ಟೋ ಕಚೇರಿಗಳಲ್ಲಿ ಅಸಲಿ ಟರ್ಮಿನಲ್‌ನ ಜಾಗಕ್ಕೆ ಅದನ್ನು ಅನುಕರಿಸುವ ಪರ್ಸನಲ್ ಕಂಪ್ಯೂಟರ್ ಬಂದಿತ್ತು. ಹೀಗೆ ಮೇನ್‌ಫ್ರೇಮ್ 3270ರೊಡನೆ ಮಾತನಾಡುತ್ತಲೇ ಇತ್ತು, 3270 ಮಾತ್ರ ಅಲ್ಲಿರಲಿಲ್ಲ. ಆದರೂ ಪರಂಪರೆಯೊಂದೇ ಉಳಿಯುತ್ತದೆಯೆಂದರೆ, ಒಂದು ರೂಪ ಹೋಗಿ ಇನ್ನೊಂದು ಬಂದಾಗ ನಷ್ಟವಾಯಿತೆಂದು ದೂರುವವರ ಮಾತಿಗೆ ಬೆಲೆಯೇನು ಎಂಬುದು ಇತ್ಯರ್ಥವಾಗದೆ ಉಳಿಯುತ್ತದೆ.

ಆ ಬೆಲೆಯನ್ನು ಕಟ್ಟಿಕೊಡುವುದು ಜೈನ ದರ್ಶನ. ಸತ್ ಎಂಬುದು ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಉಳಿವು ಈ ಮೂರರಿಂದಲೂ ಕೂಡಿದ್ದೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ದ್ರವ್ಯವು ಪರ್ಯಾಯವಿಲ್ಲದೆ, ಎಂದರೆ ಯಾವುದಾದರೊಂದು ಅವಸ್ಥೆಯಿಲ್ಲದೆ, ಎಂದೂ ಇರುವುದಿಲ್ಲ. ಕನ್ನಡ ನಾಡಿನ ಜೈನ ಪರಂಪರೆ ಗೌರವದಿಂದ ಸ್ಮರಿಸುವ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದನ್ನು ವಿಶದಪಡಿಸುವ ಬಗೆ ಗಮನಾರ್ಹವಾದುದು. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬಯಸಿದವನು ದುಃಖಿಸುತ್ತಾನೆ, ಕಿರೀಟ ಬಯಸಿದವನು ಸಂತೋಷಪಡುತ್ತಾನೆ, ಚಿನ್ನವನ್ನು ಬಯಸಿದವನು ತಟಸ್ಥನಾಗಿರುತ್ತಾನೆ. ಈ ಮೂರು ಭಾವಗಳಿಗೂ ವಸ್ತುವಿನಲ್ಲೇ ಕಾರಣವಿದೆ ಎಂಬುದು ಅವರ ನಿರ್ಣಯ. ಅಂದರೆ ದುಃಖಿಸುವವನು ಅಜ್ಞಾನಿಯಲ್ಲ. ಅಳಿದದ್ದು ನಿಜವಾಗಿಯೇ ಅಳಿದಿದೆ.

ಪರದೆಯ ಆಧುನೀಕರಣದಲ್ಲಿಯೂ ಈ ಮೂವರನ್ನು ಗುರುತಿಸಬಹುದು. ಲೆಕ್ಕ ಪರಿಶೋಧಕನಿಗೆ ಬೇಕಾದದ್ದು ದಾಖಲೆ. ಅದು ಬದಲಾಗದಿದ್ದರೆ ಅವನು ತಟಸ್ಥ. ಮೌಸ್ ಹಿಡಿದು ಬೆಳೆದ ಹೊಸ ನೌಕರನಿಗೆ ಸಂಕ್ಷಿಪ್ತ ಸಂಕೇತಗಳ ಜಾಗದಲ್ಲಿ ಆಯ್ಕೆಪಟ್ಟಿ ಬಂದದ್ದು ಸಂತೋಷ. ಪರದೆಯತ್ತ ನೋಡದೆಯೇ ಒಂದು ಖಾನೆಯಿಂದ ಮತ್ತೊಂದಕ್ಕೆ ಬೆರಳು ಹರಿಸುತ್ತಿದ್ದ ಹಿರಿಯ ಗುಮಾಸ್ತನಿಗೆ ಮಾತ್ರ ದುಃಖ. ಹಿಂದಿನ ಪರದೆಗೆ ಮರಳಲು ರೂಢಿಯಲ್ಲಿದ್ದ ಮೂರನೆಯ ಫಂಕ್ಷನ್ ಕೀಲಿ ಈಗ ಬ್ರೌಸರಿನ ಹುಡುಕು ಪಟ್ಟಿಯನ್ನು ತೆರೆದರೆ, ಅವನು ಕಳೆದುಕೊಂಡದ್ದು ಒಂದು ಗುಂಡಿಯನ್ನಲ್ಲ, ವರ್ಷಗಳ ಅಭ್ಯಾಸದಿಂದ ಮೈಗೂಡಿದ ವಿದ್ಯೆಯನ್ನು. ಆಧುನೀಕರಣದ ಯೋಜನೆಗಳು ಈ ದುಃಖವನ್ನು ಬದಲಾವಣೆಗೆ ಒಗ್ಗದವರ ಹಟವೆಂದು ಬಗೆಯುವುದುಂಟು. ಅದು ತಾತ್ವಿಕವಾಗಿಯೂ ತಪ್ಪು, ಕೆಲಸದ ದೃಷ್ಟಿಯಿಂದಲೂ ತಪ್ಪು. ಏಕೆಂದರೆ ಯಾವ ಪರದೆಯ ನಂತರ ಯಾವುದು ಬರಬೇಕು, ಯಾವ ಖಾನೆಯನ್ನು ಏಕೆ ಮುಟ್ಟಬಾರದು ಎಂಬ ನಿಯಮಗಳಲ್ಲಿ ಹಲವನ್ನು ಸಂಸ್ಥೆಯ ಕಡತಗಳಲ್ಲಿ ಎಲ್ಲಿಯೂ ಬರೆದಿರುವುದಿಲ್ಲ, ಅವು ಪರದೆಯ ವಿನ್ಯಾಸದಲ್ಲೂ ಗುಮಾಸ್ತನ ರೂಢಿಯಲ್ಲೂ ಮಾತ್ರ ಉಳಿದಿರುತ್ತವೆ.

ಹುಟ್ಟುವ ರೂಪಕ್ಕೂ ಒಂದು ಹೊಣೆಯುಂಟು. ದಿನವಿಡೀ ಬಂದ ವ್ಯವಹಾರಗಳನ್ನು ಒಟ್ಟುಗೂಡಿಸಿ ರಾತ್ರಿಯ ಬ್ಯಾಚ್ ಸಂಸ್ಕರಣೆಯಲ್ಲಿ, ಅಂದರೆ ಒಂದೇ ಸರದಿಯಲ್ಲಿ, ಮೂಲ ಲೆಕ್ಕಕ್ಕೆ ಸೇರಿಸುವ ಮೇನ್‌ಫ್ರೇಮ್ ವ್ಯವಸ್ಥೆಗಳು ಇಂದಿಗೂ ಇವೆ. ಹಳೆಯ ಪರದೆ ಸ್ವೀಕರಿಸಲಾಗಿದೆ ಎಂದಷ್ಟೇ ಹೇಳುತ್ತಿದ್ದ ಕಡೆ, ಹೊಸ ಪುಟ ಹಸಿರು ಗುರುತಿನೊಂದಿಗೆ ಕೆಲಸ ಪೂರ್ಣಗೊಂಡಿತೆಂದು ಸಾರಿದರೆ, ರೂಪವು ದ್ರವ್ಯದಲ್ಲಿಲ್ಲದ ಗುಣವನ್ನು ಘೋಷಿಸಿದಂತಾಗುತ್ತದೆ. ಇಲ್ಲದ್ದನ್ನು ಇದೆಯೆಂದು ತೋರಿಸುವ ಆರೋಪ ಅರಿಯದೆ ಆದಾಗ ಭ್ರಮೆ. ತಿಳಿದೂ ಕಟ್ಟಿದಾಗ ಅಸತ್ಯ.

ಆದುದರಿಂದ ಇಂಥ ನವೀಕರಣವನ್ನು ಅಳೆಯಬೇಕಾದದ್ದು ಪುಟದ ಚೆಲುವಿನಿಂದಲೂ ಅಲ್ಲ, ಮೂಲ ಕ್ರಮವಿಧಿಯ ಒಂದು ಸಾಲನ್ನೂ ಮುಟ್ಟಲಿಲ್ಲವೆಂಬ ಹೆಗ್ಗಳಿಕೆಯಿಂದಲೂ ಅಲ್ಲ. ಅಳಿಯುವ ಪರದೆಯಲ್ಲಿದ್ದ ನಿಯಮಗಳನ್ನು ಮೊದಲೇ ಪಟ್ಟಿಮಾಡಿ, ಅವುಗಳನ್ನು ಬಲ್ಲ ಗುಮಾಸ್ತರನ್ನು ವಿನ್ಯಾಸದ ಕೆಲಸದಲ್ಲಿ ಸೇರಿಸಿಕೊಳ್ಳಬೇಕು; ಹೊಸ ಪುಟ ಮೂಲ ವ್ಯವಸ್ಥೆ ನಡೆಸಿಕೊಡಬಲ್ಲದ್ದಕ್ಕಿಂತ ಹೆಚ್ಚಿನ ಮಾತು ಕೊಡಬಾರದು; ಉಳಿದಿದೆಯೆನ್ನುವ ದಾಖಲೆ ಹಳೆಯ ಮತ್ತು ಹೊಸ ಮಾರ್ಗಗಳೆರಡರಿಂದಲೂ ಒಂದೇ ಎಂದು ಪರೀಕ್ಷೆಯಲ್ಲಿ ಕಾಣಬೇಕು. ಈ ಮೂರೂ ಈಡೇರಿದ ವ್ಯವಸ್ಥೆಯನ್ನು ಅದೇ ವ್ಯವಸ್ಥೆಯೆನ್ನಲು ಅಡ್ಡಿಯಿಲ್ಲ. ಒಂದು ತಪ್ಪಿದರೂ ಅದು ಹಳೆಯ ಹೆಸರನ್ನು ಇಟ್ಟುಕೊಂಡ ಬೇರೊಂದು ವಸ್ತು.