ಉಪವಾಸದ ಮನೆಯಲ್ಲಿ ಹಸಿದ ಮರಿ



ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು ಕಣ್ಣಿಗೆ ಕಾಣುತ್ತವೆ. ಐದನೆಯದಾದರೋ ಸುಮ್ಮನಿದ್ದ ಮಾತ್ರದಿಂದಲೇ ಸಂಭವಿಸುತ್ತದೆ. ವ್ರತೋಪವಾಸಗಳ ಮನೆಯಲ್ಲಿ ಎಚ್ಚರ ಬೇಕಾದುದು ಇದರಲ್ಲಿಯೇ.

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಂತಹ ಊರಿನಲ್ಲಿ ತಾಯಿಯಿಂದ ಅಗಲಿ, ರೆಕ್ಕೆ ಜೋಲುಬಿದ್ದ ಕೋಳಿಮರಿಯೊಂದು ಚತುರ್ದಶಿಯ ದಿನ ಶ್ರಾವಕರ ಅಂಗಳಕ್ಕೆ ಬಂದಿತೆಂದು ಭಾವಿಸೋಣ. ಮಕ್ಕಳು ಅದನ್ನು ಎತ್ತಿ ತರುತ್ತಾರೆ. “ಇಂದು ಪರ್ವದಿನ, ಒಲೆ ಹಚ್ಚಿಲ್ಲ” ಎನ್ನುತ್ತಾರೆ ಒಬ್ಬರು. “ಅದರ ಕರ್ಮ ಅದು ಉಣ್ಣಲಿ” ಎನ್ನುತ್ತಾರೆ ಇನ್ನೊಬ್ಬರು. “ಹೇಗೂ ಸಾಯುವುದು, ಅದಕ್ಕೂ ಸಲ್ಲೇಖನವಾಗಲಿ” ಎನ್ನುತ್ತಾರೆ ಮತ್ತೊಬ್ಬರು.

ಈ ಮೂರು ಮಾತುಗಳೂ ನಿಲ್ಲುವುದಿಲ್ಲ. ಉಪವಾಸವು ಅದನ್ನು ಸ್ವೀಕರಿಸಿದವನದು, ಆಶ್ರಯಕ್ಕೆ ಬಂದ ಜೀವದ ಮೇಲೆ ಹೇರತಕ್ಕದ್ದಲ್ಲ. ಪ್ರೋಷಧದಲ್ಲಿ ಆರಂಭವನ್ನು ತ್ಯಜಿಸಿ ಕುಳಿತವರಿದ್ದರೆ ಮನೆಯ ಬೇರೊಬ್ಬರು ಆರೈಕೆ ವಹಿಸಿಕೊಳ್ಳಲಿ. ಮರಿಯ ನೋವು ಅದರ ಅಸಾತಾವೇದನೀಯದ ಉದಯವೆಂಬುದು ನಿಜ. ಆದರೆ ಅದನ್ನು ಕಂಡು ಕಲ್ಲಾದ ಮನಸ್ಸು ಕಟ್ಟಿಕೊಳ್ಳುವ ಕರ್ಮ ನೋಡಿದವನದು. ಅನುಕಂಪೆ ಸಮ್ಯಗ್ದರ್ಶನದ ಲಕ್ಷಣಗಳಲ್ಲೊಂದು. ಇನ್ನು ಸಲ್ಲೇಖನವೋ, ಅರಿತು, ಸ್ವಇಚ್ಛೆಯಿಂದ ಕೈಗೊಳ್ಳುವ ವ್ರತ. ಮೂಕಪ್ರಾಣಿಗೆ ಪರರು ಮಾಡಿಸುವುದು ಅನ್ನಪಾನನಿರೋಧವಲ್ಲದೆ ಬೇರೆಯಲ್ಲ.

ಕೋಳಿಯೆಂದರೆ ಕನ್ನಡ ಜೈನರಿಗೆ ಯಶೋಧರನ ನೆನಪಾಗಬೇಕು. 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರಚರಿತೆಯಲ್ಲಿ ತಾಯಿ ಮಗ ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗೇ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿದರು. ಮುನಿವಚನ ಕೇಳಿ ಪೂರ್ವಜನ್ಮ ಸ್ಮರಿಸಿ ಕೂಗಿದವು ಆ ಕೋಳಿಗಳು! ಅಂಗಳದ ಮರಿಯೂ ಪಂಚೇಂದ್ರಿಯ ಜೀವ. ಹಿಟ್ಟಿನ ಕೋಳಿಗೆ ಅಷ್ಟು ಫಲವಾದರೆ, ಉಸಿರಿರುವ ಮರಿಯ ಉಪೇಕ್ಷೆ ಹಗುರವಾದೀತೆ?

ಆರೈಕೆಯ ಕ್ರಮ ಕಠಿಣವಲ್ಲ. ಮೊದಲು ಬೇಕಾದುದು ಬಿಸುಪು. ಮೊದಲ ವಾರದ ಮರಿಗೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಅಗತ್ಯ, ಅನಂತರ ವಾರವಾರಕ್ಕೆ ಸ್ವಲ್ಪ ತಗ್ಗಿಸಬಹುದು. ತೆರೆದ ದೀಪಕ್ಕೆ ಹುಳುಗಳು ಬಿದ್ದು ಸಾಯುತ್ತವೆ. ಸೋಸಿದ ನೀರು ಕಾಯಿಸಿ ಸೀಸೆಗೆ ತುಂಬಿ, ಬಟ್ಟೆ ಸುತ್ತಿ ಗಾಳಿಯಾಡುವ ಪೆಟ್ಟಿಗೆಯಲ್ಲಿಡುವುದು ಲೇಸು. ಆರಿದಾಗ ಬದಲಿಸಬೇಕು. ಮರಿ ಬಾಯಿ ತೆರೆದು ಏದುತ್ತಿದ್ದರೆ ಶಾಖ ಹೆಚ್ಚಾಯಿತು, ಮುದುಡಿ ಕೂಗುತ್ತಿದ್ದರೆ ಕಡಿಮೆಯಾಯಿತು ಎಂದು ತಿಳಿಯಬೇಕು. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಅದರಲ್ಲಿ ಹರಳುಕಲ್ಲುಗಳಿದ್ದರೆ ಮರಿ ಮುಳುಗದು. ಅಕ್ಕಿನುಚ್ಚು, ನವಣೆ, ಹೆಸರುಬೇಳೆಯ ನುಚ್ಚು ಆಹಾರವಾದೀತು. ಅಂಗಡಿಯ ಕೋಳಿ ಆಹಾರದಲ್ಲಿ ಮೀನುಪುಡಿ ಇರುವುದುಂಟು, ವಿಚಾರಿಸಿ ಕೊಳ್ಳಬೇಕು. ಬಾಯಿಗೆ ಬಲವಂತವಾಗಿ ನೀರು ಸುರಿದರೆ ಶ್ವಾಸನಾಳ ಸೇರುತ್ತದೆ. ಹಿಕ್ಕೆ ಅಂಟಿ ಗುದದ್ವಾರ ಮುಚ್ಚಿದ್ದರೆ ಬೆಚ್ಚನೆಯ ನೀರಿನಿಂದ ಮೃದುವಾಗಿ ಒರೆಸಬೇಕು. ಹಾಸಿದ ಬತ್ತದ ಹೊಟ್ಟನ್ನು ಬದಲಿಸುತ್ತ, ಪ್ರತಿ ಬಾರಿಯೂ ಸಾಬೂನಿನಿಂದ ಕೈ ತೊಳೆಯಬೇಕು. ಹಿಕ್ಕೆಯಲ್ಲಿ ರಕ್ತ ಕಂಡರೆ, ಕತ್ತು ತಿರುಚಿಕೊಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಊರಿನಲ್ಲಿ ಒಮ್ಮೆಗೇ ಹಲವು ಕೋಳಿಗಳು ಸತ್ತಿದ್ದರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸುವುದು ಕರ್ತವ್ಯ.

ಮರಿ ನೆರೆಯವರದಾದರೆ ಬಚ್ಚಿಟ್ಟುಕೊಳ್ಳುವುದು ಅಚೌರ್ಯಕ್ಕೆ ದೋಷ. ಅವರಿಗೆ ತಿಳಿಸಿ, ಕೇಳಿ ಪಡೆಯಬೇಕು. ಅವರು ಒಪ್ಪಿ ಕೊಟ್ಟರೆ ಅದರ ಆಯುಸ್ಸು ತೀರುವವರೆಗೆ ಅಭಯ ನೀಡುವ ಹೊಣೆ ಮನೆಯದಾಗುತ್ತದೆ. ಆದಿಪುರಾಣದಲ್ಲಿ ಜಿನಸೇನಾಚಾರ್ಯರು ಹೇಳಿದ ದಯಾದತ್ತಿ ಇದೇ.

ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯಿದೆ. 1929ರಲ್ಲಿ ಆರಂಭವಾದ ಈ ಸಂಸ್ಥೆ ಗಾಯಗೊಂಡ ಪಕ್ಷಿಗಳಿಗೆ ಉಚಿತ ಚಿಕಿತ್ಸೆ ನೀಡುತ್ತದೆ. ಆಸ್ಪತ್ರೆ ಕಟ್ಟಿಸಲು ಎಲ್ಲರಿಗೂ ಶಕ್ತಿಯಿಲ್ಲ. ಒಂದು ಪೆಟ್ಟಿಗೆ, ಒಂದು ಹಿಡಿ ನುಚ್ಚು ಯಾರಲ್ಲಿಲ್ಲ?

ಎಷ್ಟು ಆರೈಕೆ ಮಾಡಿದರೂ ಮರಿ ಉಳಿಯದೆ ಹೋಗಬಹುದು. ಜೀವಂಧರಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದನು, ಅದು ಯಕ್ಷನಾಗಿ ಹುಟ್ಟಿತು. ಆಗ ಮನೆಮಂದಿ ಮಾಡಬೇಕಾದುದೂ ಅದೇ. ಆದರೆ ಣಮೋಕಾರಕ್ಕೆ ಮೊದಲು ನೀರಿನ ತಟ್ಟೆ ಮರಿಯ ಮುಂದಿರಲಿ. ಮಕ್ಕಳು ಧರ್ಮವನ್ನು ಮೊದಲು ಕಲಿಯುವುದು ಆ ತಟ್ಟೆಯಿಂದಲೇ.