ತಿತಿಕ್ಷೆ ಮತ್ತು ಹ್ಯಾಂಡಲ್: ದೂರದ ಸವಾರಿಯಲ್ಲಿ ದೇಹಸೌಖ್ಯದ ಪ್ರಶ್ನೆ

ದೂರ ಪ್ರಯಾಣದ ಮೋಟಾರ್‌ಸೈಕಲ್ಲಿಗೆ ಕಾರ್ಖಾನೆಯಲ್ಲಿ ಜೋಡಿಸಿದ ಹ್ಯಾಂಡಲನ್ನು ಬಿಚ್ಚಿ, ಅದರ ಜಾಗದಲ್ಲಿ ಇನ್ನಷ್ಟು ಎತ್ತರವಾದ ಅಥವಾ ಸವಾರನ ಕಡೆಗೆ ಹೆಚ್ಚು ಬಾಗಿದ ಮತ್ತೊಂದನ್ನು ಕೂರಿಸುವುದು ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ಇತ್ಯರ್ಥವಾಗುವ ಸಂಗತಿ. ಆದರೆ ಅದನ್ನು ಮಾಡಿಸಬೇಕೆ ಬೇಡವೆ ಎಂದು ತೂಗಿ ನೋಡುವ ಸವಾರನ ಮುಂದೆ ನಿಲ್ಲುವ ಪ್ರಶ್ನೆ ಬಹಳ ಹಳೆಯದು. ನೋವು ಬಂದಾಗ ಅದನ್ನು ಸಹಿಸಿಕೊಳ್ಳುವುದು ಮೇಲೋ, ಅದರ ಕಾರಣವನ್ನು ಹುಡುಕಿ ತೆಗೆಯುವುದು ಮೇಲೋ ಎಂಬ ಆ ಪ್ರಶ್ನೆಯನ್ನು ಭಾರತದ ವೈದಿಕ, ಜೈನ, ಬೌದ್ಧ ಪರಂಪರೆಗಳು ಮೂರೂ ತಮ್ಮ ತಮ್ಮ ರೀತಿಯಲ್ಲಿ ಎತ್ತಿಕೊಂಡಿವೆ, ಮತ್ತು ಅವು ಕೊಟ್ಟ ಉತ್ತರಗಳು ಇಂದಿನ ಹೆದ್ದಾರಿಯ ಮೇಲೂ ಪರೀಕ್ಷೆಗೆ ನಿಲ್ಲಬಲ್ಲವು.

ಕಠೋಪನಿಷತ್ತು ಶ್ರೇಯಸ್ಸು ಮತ್ತು ಪ್ರೇಯಸ್ಸು ಎಂಬ ಎರಡನ್ನು ಬೇರ್ಪಡಿಸುತ್ತದೆ; ಕೊನೆಗೆ ಒಳಿತನ್ನು ತರುವಂಥದು ಶ್ರೇಯಸ್ಸು, ಆ ಹೊತ್ತಿಗೆ ಹಿತವೆನಿಸುವಂಥದು ಪ್ರೇಯಸ್ಸು. ಯಮನು ನಚಿಕೇತನ ಮುಂದೆ ಒಡ್ಡಿದ ಆಮಿಷಗಳಲ್ಲಿ ರಥಗಳೂ ಇದ್ದವು, ಬಾಲಕನು ಅವನ್ನು ಬೇಡವೆಂದನು. ಆದರೆ ಅದೇ ಉಪನಿಷತ್ತು ಮೂರನೆಯ ವಲ್ಲಿಗೆ ಬಂದಾಗ ಶರೀರವನ್ನೇ ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಲಗಾಮೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ನಿರೂಪಿಸಿ, ದಾರಿಯ ಕೊನೆಯನ್ನು ಮುಟ್ಟಬೇಕಾದರೆ ಲಗಾಮು ಬಿಗಿಯಾಗಿ ಕೈಯಲ್ಲಿರಬೇಕೆಂದು ಹೇಳುತ್ತದೆ. ಬಹುಮಾನವಾಗಿ ಬಂದಾಗ ತಿರಸ್ಕರಿಸಬೇಕಾದ ವಾಹನವೇ ಸಾಧನವಾಗಿ ನಿಂತಾಗ ಜೋಪಾನಕ್ಕೆ ಅರ್ಹವಾಗುತ್ತದೆ. ಆದುದರಿಂದ ಹಿತವಾದದ್ದನ್ನೆಲ್ಲ ಪ್ರೇಯಸ್ಸಿನ ಕಡೆಗೆ ತಳ್ಳಿಬಿಡಲು ಈ ಗ್ರಂಥ ಅವಕಾಶ ಕೊಡುವುದಿಲ್ಲ; ಆ ಹಿತವು ಯಾವುದಕ್ಕೆ ನೆರವಾಗುತ್ತಿದೆ ಎಂಬುದನ್ನು ವಿಚಾರಿಸಲೇಬೇಕಾಗುತ್ತದೆ.

ವಿಚಾರಣೆಗೆ ಮೊದಲು ನೋವಿನ ಸ್ವರೂಪವನ್ನು ತಿಳಿಯಬೇಕು. ರಾಯಲ್ ಎನ್‌ಫೀಲ್ಡ್ 2018ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಎಂಬ ಎರಡು ಬೈಕುಗಳು ಇದಕ್ಕೆ ಒಳ್ಳೆಯ ನಿದರ್ಶನ, ಏಕೆಂದರೆ ಎರಡರದೂ ಅದೇ 648 ಸಿಸಿ ಎಂಜಿನ್, ಅದೇ ಚಾಸಿ. ಆದರೆ ಮೊದಲನೆಯದರಲ್ಲಿ ಅಗಲವಾದ, ಎತ್ತರದ ಹ್ಯಾಂಡಲ್ ಇದ್ದು ಸವಾರನು ನೆಟ್ಟಗೆ ಕೂರುತ್ತಾನೆ. ಎರಡನೆಯದರಲ್ಲಿ ಮುಂಭಾಗದ ಫೋರ್ಕುಗಳಿಗೇ ಬಿಗಿದ, ಕ್ಲಿಪ್-ಆನ್ ಎಂದು ಕರೆಯಲಾಗುವ ಎರಡು ಗಿಡ್ಡ ಹಿಡಿಗಳೂ ಹಿಂದಕ್ಕೆ ಸರಿದ ಫುಟ್‌ರೆಸ್ಟುಗಳೂ ಇದ್ದು ಅವನು ಮುಂದಕ್ಕೆ ಬಾಗುತ್ತಾನೆ. ಬಾಗಿದ ಭಂಗಿಯಲ್ಲಿ ಮೈಯ ಮೇಲ್ಭಾಗದ ಭಾರ ಮಣಿಕಟ್ಟಿನ ಮೇಲೆ ಇಳಿಯುತ್ತದೆ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಒತ್ತಿದರೆ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುತ್ತವೆ, ಮಣಿಕಟ್ಟಿನ ನಡುವೆ ಹಾಯುವ ನರ ಒತ್ತಿದರೆ ಹೆಬ್ಬೆರಳಿನ ಕಡೆಯ ಬೆರಳುಗಳಲ್ಲಿ ಅದೇ ತೊಂದರೆ ಕಾಣಿಸುತ್ತದೆ, ಎಂಜಿನ್ನಿನ ಕಂಪನ ಎರಡನ್ನೂ ಹೆಚ್ಚಿಸುತ್ತದೆ. ಹಾಗೆಂದು ಬಾಗಿದ ಭಂಗಿಯೇ ದೋಷವೆನ್ನಲು ಬರುವುದಿಲ್ಲ, ಏಕೆಂದರೆ ವೇಗ ಹೆಚ್ಚಿದಂತೆ ಎದುರುಗಾಳಿಯೇ ಎದೆಯನ್ನು ಎತ್ತಿ ಹಿಡಿದು ಕೈಗಳ ಭಾರವನ್ನು ಇಳಿಸುತ್ತದೆ. ನೆಟ್ಟಗೆ ಕೂತವನಾದರೋ ಅದೇ ಗಾಳಿಗೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತ ಹ್ಯಾಂಡಲಿಗೆ ಜೋತುಬೀಳುತ್ತಾನೆ, ರಸ್ತೆಯ ಗುಂಡಿಗಳ ಏಟು ನೇರವಾಗಿ ಅವನ ಬೆನ್ನುಮೂಳೆಗೆ ಹೋಗುತ್ತದೆ. ಹೀಗೆ ಪ್ರತಿಯೊಂದು ಭಂಗಿಯೂ ಒಂದು ಉದ್ದೇಶಕ್ಕೆ, ಒಂದು ವೇಗಕ್ಕೆ, ಒಂದು ಮೈಕಟ್ಟಿಗೆ ಹೊಂದುವಂಥದು. ನೋವು ಹುಟ್ಟುವುದು ಆ ಹೊಂದಿಕೆ ತಪ್ಪಿದಲ್ಲಿ.

ಇಲ್ಲಿ ಎದುರಾಗುವ ಅತ್ಯಂತ ಗಂಭೀರ ಆಕ್ಷೇಪ ವೇದಾಂತದ ಕಡೆಯಿಂದ ಬರುತ್ತದೆ. ಬ್ರಹ್ಮಜಿಜ್ಞಾಸುವಿಗೆ ಇರಬೇಕಾದ ಸಾಧನಚತುಷ್ಟಯದಲ್ಲಿ, ಅಂದರೆ ನಾಲ್ಕು ಬಗೆಯ ಅರ್ಹತೆಗಳಲ್ಲಿ, ತಿತಿಕ್ಷೆಯೂ ಸೇರಿದೆ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ವಿವೇಕಚೂಡಾಮಣಿಯು ಬಂದ ದುಃಖಗಳನ್ನೆಲ್ಲ ಪ್ರತೀಕಾರಕ್ಕೆ ಹೊರಡದೆ, ಚಿಂತಿಸದೆ, ಗೋಳಾಡದೆ ಸಹಿಸುವುದೇ ತಿತಿಕ್ಷೆಯೆಂದು ವಿವರಿಸುತ್ತದೆ. ಜೈನ ಪರಂಪರೆ ಇನ್ನೂ ಕಠಿಣವಾದುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ 22 ಪರೀಷಹಗಳನ್ನು, ಅಂದರೆ ಮುನಿಯು ಸಹಿಸಬೇಕಾದ ಬಾಧೆಗಳನ್ನು ಎಣಿಸುತ್ತದೆ, ಮತ್ತು ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಜೊತೆಗೆ ನಡೆಯುವ ಕಷ್ಟವಾದ ಚರ್ಯೆಯೂ ಕೂರುವ ಕಷ್ಟವಾದ ನಿಷದ್ಯೆಯೂ ಆ ಪಟ್ಟಿಯಲ್ಲಿವೆ. ಶ್ರವಣಬೆಳಗೊಳಕ್ಕೆ ಇಂದಿಗೂ ಬರಿಗಾಲಿನಲ್ಲಿ ವಿಹಾರ ಮಾಡುತ್ತ ಬರುವ ದಿಗಂಬರ ಮುನಿಗಳ ಬದುಕಿನಲ್ಲಿ ಈ ಮಾತುಗಳು ಅಕ್ಷರಶಃ ಆಚರಣೆಯಲ್ಲಿವೆ. ಅಂಥ ತಪಸ್ಸಿನ ಎದುರು ನಿಂತು ನೋಡಿದರೆ, ಮಣಿಕಟ್ಟು ನೋಯುತ್ತದೆಂದು ಹೊಸ ಹ್ಯಾಂಡಲ್ ಕೊಳ್ಳುವವನ ಪ್ರಯಾಣಕ್ಕೆ ಯಾವ ಗೌರವವಿದೆ ಎಂದು ಕೇಳುವುದು ಅನುಚಿತವಲ್ಲ.

ಆದರೆ ಇವೇ ಗ್ರಂಥಗಳನ್ನು ನಿಧಾನವಾಗಿ ಓದಿದರೆ ಉತ್ತರ ಬೇರೆಯಾಗಿಯೇ ದೊರೆಯುತ್ತದೆ. ತತ್ತ್ವಾರ್ಥಸೂತ್ರವು ಪರೀಷಹಗಳನ್ನು ಸಹಿಸಲು ಎರಡು ಪ್ರಯೋಜನಗಳನ್ನು ಹೇಳುತ್ತದೆ: ಒಂದು, ಹಿಡಿದ ಮಾರ್ಗದಿಂದ ಜಾರದಿರುವುದು, ಇನ್ನೊಂದು, ನಿರ್ಜರೆ, ಅಂದರೆ ಅಂಟಿಕೊಂಡ ಕರ್ಮವನ್ನು ಉದುರಿಸುವುದು. ಸಹನೆಯನ್ನು ಅಲ್ಲಿ ಮಾರ್ಗವು ಬೇಡುತ್ತದೆ, ಮತ್ತು ಆ ಮಾರ್ಗವನ್ನು ಮುನಿ ತಿಳಿದು ವರಿಸಿದ್ದಾನೆ. ಅಳತೆ ತಪ್ಪಿದ ಒಂದು ಉಕ್ಕಿನ ಕೊಳವೆಯಿಂದ ಬರುವ ನೋವನ್ನು ಯಾರೂ ವರಿಸಿದ್ದಲ್ಲ, ಅದು ಯಾವ ಮಾರ್ಗದ ಬೇಡಿಕೆಯೂ ಅಲ್ಲ, ಜಾರದಂತೆ ಕಾಯುವ ಬದಲು ಅದು ಸವಾರನನ್ನು ಜಾರಿಸುವ ಸಂಭವವೇ ಹೆಚ್ಚು. ವಿವೇಕಚೂಡಾಮಣಿಯ ಲಕ್ಷಣದಲ್ಲೂ ಪ್ರತೀಕಾರ ಮಾಡದಿರುವುದರ ಪಕ್ಕದಲ್ಲೇ ಚಿಂತಿಸದಿರುವುದನ್ನು ಇಡಲಾಗಿದೆ. ಹ್ಯಾಂಡಲನ್ನು ಬದಲಿಸದೆ ದಿನವಿಡೀ ಮಣಿಕಟ್ಟಿನ ಧ್ಯಾನದಲ್ಲೇ ಸಾಗುವವನಿಗೆ ಪ್ರತೀಕಾರವೂ ಇಲ್ಲ, ತಿತಿಕ್ಷೆಯೂ ಇಲ್ಲ.

ನಿರ್ಣಾಯಕವಾದ ಮಾತು ಪತಂಜಲಿಯದು. ಯೋಗಸೂತ್ರದ ಎರಡನೆಯ ಪಾದವು ಆಸನವನ್ನು ಸ್ಥಿರವೂ ಸುಖವೂ ಆದ ಇರವೆಂದು ನಿರ್ವಚಿಸಿ, ಪ್ರಯತ್ನ ಸಡಿಲಗೊಂಡಾಗ ಅದು ಸಿದ್ಧಿಸುತ್ತದೆಂದು ಹೇಳಿ, ಅದಾದ ಬಳಿಕವೇ ದ್ವಂದ್ವಗಳು, ಎಂದರೆ ಚಳಿ-ಸೆಕೆಗಳಂಥ ಎದುರುಬದುರಾದ ಬಾಧೆಗಳು, ಸಾಧಕನನ್ನು ಘಾಸಿಗೊಳಿಸಲಾರವು ಎನ್ನುತ್ತದೆ. ಇಲ್ಲಿರುವ ಅನುಕ್ರಮ ಗಮನಾರ್ಹವಾದುದು: ಆಸನದ ಸುಖ ಮೊದಲು, ದ್ವಂದ್ವಗಳ ಸಹನೆ ಆಮೇಲೆ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಧ್ಯಾನಕ್ಕೆ ಕೂರುವವನ ಪೀಠ ತೀರ ಎತ್ತರವಾಗಲಿ ತೀರ ತಗ್ಗಾಗಲಿ ಇರಬಾರದೆಂದು ವಿಧಿಸಿ, ದರ್ಭೆಯನ್ನೂ ಚರ್ಮವನ್ನೂ ಬಟ್ಟೆಯನ್ನೂ ಒಂದರ ಮೇಲೊಂದು ಹಾಸುವಷ್ಟು ವಿವರಕ್ಕೆ ಇಳಿಯುತ್ತದೆ. ಇಂದ್ರಿಯನಿಗ್ರಹವನ್ನು ಇಷ್ಟು ಕಟ್ಟುನಿಟ್ಟಾಗಿ ಬೋಧಿಸುವ ಗ್ರಂಥಗಳು ಕೂರುವ ಎತ್ತರದ ಬಗ್ಗೆ ಇಷ್ಟು ಕಾಳಜಿ ವಹಿಸಿರುವುದು ಆಕಸ್ಮಿಕವಲ್ಲ. ಮಳೆ, ಬಿಸಿಲು, ಘಟ್ಟದ ತಿರುವು, ಹಸಿವು, ಕತ್ತಲು ಇವು ದಾರಿಯ ದ್ವಂದ್ವಗಳು, ಇವನ್ನು ಸಹಿಸದೆ ದೂರದ ಪ್ರಯಾಣವಿಲ್ಲ. ಆದರೆ ಅವನ್ನು ಎದುರಿಸಬೇಕಾದ ಗಮನವನ್ನೆಲ್ಲ ಜೋಮು ಹಿಡಿದ ಬೆರಳುಗಳೇ ಕಬಳಿಸಿದರೆ ಸಹಿಸಲು ಉಳಿಯುವವರಾರು? ಮೇಲಾಗಿ ಬ್ರೇಕಿನ ಹಿಡಿ ಆ ಬೆರಳುಗಳಲ್ಲೇ ಇರುವುದರಿಂದ, ರಸ್ತೆ ದಾಟುವ ಅಪರಿಚಿತನ ಪ್ರಾಣವೂ ಅವುಗಳ ಚುರುಕನ್ನು ಅವಲಂಬಿಸಿದೆ, ಮತ್ತು ಸನ್ಯಾಸಿಯ ಸಹನೆಗೆ ಇಲ್ಲದ ಈ ಹೊಣೆ ಸವಾರನ ಸಹನೆಗೆ ಇದೆ.

ಯಂತ್ರಕ್ಕೆ ಕೈಹಾಕುವುದು ಚಿಂತನೆಗಿಂತ ಕೆಳಗಿನ ಕೆಲಸವೆಂಬ ಭಾವನೆಯೂ ಈ ಚರ್ಚೆಗೆ ಅಡ್ಡಿಯಾಗುತ್ತದೆ. ರಾಬರ್ಟ್ ಪಿರ್ಸಿಗ್ ಅವರು 1968ರಲ್ಲಿ ಮಗನೊಂದಿಗೆ ಅಮೆರಿಕದ ಮಿನೆಸೋಟದಿಂದ ಕ್ಯಾಲಿಫೋರ್ನಿಯದವರೆಗೆ ಮಾಡಿದ ಬೈಕ್ ಯಾನವನ್ನು ಆಧರಿಸಿ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಎಂಬ ಕೃತಿಯಲ್ಲಿ ಹ್ಯಾಂಡಲಿನದೇ ಒಂದು ಪ್ರಸಂಗವಿದೆ. ಗೆಳೆಯನ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾಗಿ ಜಾರುತ್ತಿರುವಾಗ, ಬಿಯರ್ ಕ್ಯಾನಿನ ತೆಳು ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ ಸಂದಿಗೆ ತುಂಬಿದರೆ ಸರಿಹೋಗುತ್ತದೆಂದು ನಿರೂಪಕನು ಸೂಚಿಸುತ್ತಾನೆ. ತಗಡು ಆ ಕೆಲಸಕ್ಕೆ ಎಷ್ಟೇ ಯೋಗ್ಯವಾಗಿದ್ದರೂ, ಅಂಥ ಬೈಕಿಗೆ ಅಂಥ ತಗಡೇ ಎಂಬ ಅವಮಾನ ಗೆಳೆಯನನ್ನು ತಡೆಯುತ್ತದೆ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಪಿರ್ಸಿಗ್, ವಸ್ತುವನ್ನು ಅದು ಮಾಡುವ ಕೆಲಸದಿಂದ ಅರಿಯುವವರಿಗೂ ಅದರ ತೋರಿಕೆಯಿಂದ ಅರಿಯುವವರಿಗೂ ನಡುವಿನ ಅಂತರವನ್ನು ಇಲ್ಲಿ ತೋರಿಸಿದ್ದಾರೆ. ಕಂಪನಿ ಕೊಟ್ಟದ್ದನ್ನು ಮುಟ್ಟಬಾರದೆಂಬ ಭಕ್ತಿಯೂ ಅಂದಕ್ಕಾಗಿ ಮಾತ್ರ ಬದಲಿಸುವ ಹಂಬಲವೂ ತೋರಿಕೆಯ ಪಕ್ಷಕ್ಕೇ ಸೇರಿದವು.

ಕೆಲಸದ ಪಕ್ಷ ಹಿಡಿದವನು ಅದರ ಶಿಸ್ತನ್ನೂ ಒಪ್ಪಿಕೊಳ್ಳಬೇಕು. ಹ್ಯಾಂಡಲ್ ಎತ್ತರವಾದರೆ ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲುಗಳೂ ಬ್ರೇಕಿನ ಎಣ್ಣೆಯ ಕೊಳವೆಯೂ ಗಿಡ್ಡವಾಗಬಹುದು. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದ್ದರೆ ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಎಂಜಿನ್ ತಾನಾಗಿಯೇ ಏರುದನಿಗೆ ಹೋಗುತ್ತದೆ. ಆದ್ದರಿಂದ ಎಡತುದಿಯಿಂದ ಬಲತುದಿಯವರೆಗೆ ತಿರುಗಿಸಿ ಪರೀಕ್ಷಿಸದೆ, ಬೋಲ್ಟುಗಳನ್ನು ನಿಗದಿತ ಬಿಗಿತಕ್ಕೆ ತರದೆ ರಸ್ತೆಗೆ ಇಳಿಸುವಂತಿಲ್ಲ. ಹಿಡಿಕೆಯ ವ್ಯಾಸವೂ ಬೈಕಿನಿಂದ ಬೈಕಿಗೆ ಬೇರೆ, ಸಾಮಾನ್ಯವಾಗಿ 22 ಮಿಲಿಮೀಟರ್, ಕೆಲವು ಕ್ರೂಸರುಗಳಲ್ಲಿ 25.4. ಇಷ್ಟೆಲ್ಲ ಸರಿಯಾದ ಮೇಲೂ ದೇಹ ಹೊಸದಾಗಿ ಕಲಿಯಬೇಕಾದದ್ದು ಉಳಿದಿರುತ್ತದೆ, ಏಕೆಂದರೆ ಅಗಲವಾದ ಹ್ಯಾಂಡಲು ಸಣ್ಣ ತಳ್ಳಿಗೂ ಬೈಕನ್ನು ಬಾಗಿಸುತ್ತದೆ. ಫ್ರೆಂಚ್ ದಾರ್ಶನಿಕ ಮೌರಿಸ್ ಮೆರ್ಲೊ-ಪಾಂಟಿ 1945ರಲ್ಲಿ ಪ್ರಕಟಿಸಿದ ಇಂದ್ರಿಯಗ್ರಹಣದ ಕುರಿತ ಗ್ರಂಥದಲ್ಲಿ, ಪರಿಚಯವಿಲ್ಲದ ಆರ್ಗನ್ ವಾದ್ಯದ ಮುಂದೆ ಕೂತ ನುರಿತ ವಾದಕನು ಅದರ ಕೀಲಿಗಳ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆಯೇ ಅಲ್ಪ ಕಾಲದ ಅಭ್ಯಾಸದಲ್ಲಿ ತನ್ನ ಮೈಯನ್ನು ವಾದ್ಯಕ್ಕೆ ಒಗ್ಗಿಸಿಕೊಳ್ಳುವುದನ್ನು ವಿವರಿಸಿದ್ದಾರೆ. ಉಪಕರಣವು ದೇಹದ ಅಳತೆಯೊಳಗೆ ಬಂದಾಗ ಅದು ಗಮನದಿಂದ ಮರೆಯಾಗುತ್ತದೆ, ಗಮನ ತನ್ನ ವಿಷಯವನ್ನು ಸೇರುತ್ತದೆ.

ಸೌಖ್ಯದ ಬಯಕೆಗೆ ಕೊನೆಯಿಲ್ಲ, ಹ್ಯಾಂಡಲಿನ ನಂತರ ಸೀಟು, ಸೀಟಿನ ನಂತರ ಗಾಳಿತಡೆ ಎಂದು ಅದು ಬೆಳೆಯುತ್ತಲೇ ಹೋಗುತ್ತದೆ ಎಂಬ ಎಚ್ಚರಿಕೆ ನ್ಯಾಯವಾದುದೇ. ಅದಕ್ಕೆ ಬೌದ್ಧ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಸೋಣ ಕೋಳಿವೀಸನ ವೃತ್ತಾಂತದಲ್ಲಿ ಒಂದು ಉತ್ತರವಿದೆ. ಸುಖದಲ್ಲಿ ಬೆಳೆದು ಭಿಕ್ಷುವಾದ ಸೋಣನು ಅಂಗಾಲು ಒಡೆದು ನೆಲ ರಕ್ತವಾಗುವವರೆಗೆ ಚಂಕ್ರಮಣವನ್ನು, ಅಂದರೆ ನಡೆಯುತ್ತ ಮಾಡುವ ಧ್ಯಾನವನ್ನು ಮಾಡಿದಾಗ, ಬುದ್ಧನು ವೀಣೆಯ ತಂತಿಯ ದೃಷ್ಟಾಂತದಿಂದ ಪ್ರಯತ್ನದಲ್ಲಿ ಸಮತೆಯನ್ನು ಬೋಧಿಸಿದನೆಂಬ ಭಾಗ ಪ್ರಸಿದ್ಧವಾಗಿದೆ. ಅದರ ಮುಂದಿನ ಭಾಗವನ್ನು ನೆನೆಯುವವರು ಕಡಿಮೆ: ಬುದ್ಧನು ಸೋಣನೊಬ್ಬನಿಗೆ ಒಂದೇ ಪದರದ ಪಾದರಕ್ಷೆಗೆ ಅನುಮತಿ ಕೊಟ್ಟಾಗ, ಇಡೀ ಸಂಘಕ್ಕೆ ಕೊಡುವುದಾದರೆ ಮಾತ್ರ ತಾನೂ ತೊಡುವೆನೆಂದು ಸೋಣನು ಹೇಳುತ್ತಾನೆ, ಬುದ್ಧನು ಎಲ್ಲ ಭಿಕ್ಷುಗಳಿಗೂ ಅನುಮತಿ ಕೊಡುತ್ತಾನೆ. ಸೌಖ್ಯವು ಲೋಭವಾಗದಂತೆ ಇಲ್ಲಿ ತಡೆದದ್ದು ಅದರ ತ್ಯಾಗವಲ್ಲ, ಅದನ್ನು ಎಲ್ಲರಿಗೂ ಹಂಚಬೇಕೆಂಬ ನಿಬಂಧನೆ. ಈ ನಿಬಂಧನೆಯನ್ನು ಬೈಕಿಗೆ ಅನ್ವಯಿಸಿದರೆ ಪ್ರಶ್ನೆ ಸವಾರನನ್ನು ದಾಟಿ ತಯಾರಕನನ್ನು ತಲುಪುತ್ತದೆ. ಕಾರ್ಖಾನೆಯ ಹ್ಯಾಂಡಲ್ ಒಂದು ಕಲ್ಪಿತ ಮೈಕಟ್ಟಿಗೆ ಅಳೆದದ್ದು. ಕುಳ್ಳಗಿರುವವರು, ತೋಳು ಗಿಡ್ಡವಾಗಿರುವವರು, ಹೆಂಗಸರಲ್ಲಿ ಅನೇಕರು, ವಯಸ್ಸಾಗಿ ಬೆನ್ನು ಬಿಗಿದವರು ಆ ಕಲ್ಪನೆಯ ಹೊರಗೆ ಬಿದ್ದು, ಬೈಕಿನ ಬೆಲೆಯ ಮೇಲೆ ಇನ್ನಷ್ಟು ಹಣ ತೆತ್ತು ತಮ್ಮ ಅಳತೆಯನ್ನು ಪಡೆಯಬೇಕಾಗಿದೆ. ಕವಾಸಾಕಿ ಕಂಪನಿಯು 2015ರ ಮಾದರಿಯಾಗಿ ತಂದ ವಲ್ಕನ್ ಎಸ್ ಎಂಬ 650 ಸಿಸಿ ವರ್ಗದ ಬೈಕಿನಲ್ಲಿ ಹ್ಯಾಂಡಲ್, ಸೀಟು, ಫುಟ್‌ರೆಸ್ಟ್ ಈ ಮೂರನ್ನೂ ಸವಾರನ ಮೈಯಳತೆಗೆ ತಕ್ಕಂತೆ ಆರಿಸಿ ಹೊಂದಿಸುವ ಎರ್ಗೋ-ಫಿಟ್ ಎಂಬ ಏರ್ಪಾಡು ಇತ್ತು. ದಿನಗಟ್ಟಲೆ ಸವಾರಿಗೆಂದೇ ಮಾರಲಾಗುವ ಬೈಕುಗಳೆಲ್ಲದರಲ್ಲೂ ಇಂಥ ಏರ್ಪಾಡು ಮಾಮೂಲಾಗಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ, ಮತ್ತು ಅದನ್ನು ಕೇಳಬೇಕಾದವರಲ್ಲಿ ಕಾರ್ಖಾನೆಯ ಹ್ಯಾಂಡಲ್ ಸರಿಯಾಗಿ ಹೊಂದಿದವರೂ ಸೇರಿದ್ದಾರೆ.