ಹಿಡಿ ಮುರಿದ ಕಪ್ಪು

ನಮ್ಮ ಮನೆಗಳಲ್ಲಿ ಯಾವ ವಸ್ತುವೂ ಸುಲಭವಾಗಿ ಸಾಯುವುದಿಲ್ಲ. ಸೀರೆ ಹರಿದರೆ ಕೌದಿಯಾಗುತ್ತದೆ, ಕೌದಿ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಹಾಲಿನ ಪುಡಿಯ ಡಬ್ಬಿ ಅಕ್ಕಿ ಅಳೆಯುವ ಪಾವಾಗುತ್ತದೆ. ಇದನ್ನು ಜಿಪುಣತನ ಎನ್ನುವವರು ಸಂಸಾರ ತೂಗಿಸಿದವರಲ್ಲ ಎಂದುಕೊಂಡು ನಾನು ಸುಮ್ಮನಾಗುತ್ತೇನೆ.

ದೊಡ್ಡಬಳ್ಳಾಪುರದ ಅಜ್ಜಿಯ ಮನೆಯಲ್ಲಿ ಒಂದು ಹಿತ್ತಾಳೆ ಚೊಂಬಿತ್ತು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಕೊಂಡದ್ದು. ಒಂದು ದಿನ ಬಾವಿಕಟ್ಟೆಯ ಮೇಲಿಂದ ಬಿದ್ದು ಅದರ ಕಂಠ ಸೀಳಿತು. ತೂಕಕ್ಕೆ ಹಾಕಿಬಿಡೋಣ ಎಂದು ತಾತ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬೀದಿಗೆ ಬಂದ ಕಲಾಯಿಯವನನ್ನು ಜಗಲಿಯ ಮುಂದೆ ಕೂರಿಸಿ, ಸೀಳಿದ ಕಂಠವನ್ನು ಕತ್ತರಿಸಿ ತೆಗೆಸಿ, ಅಂಚನ್ನು ಅರದಿಂದ ಉಜ್ಜಿಸಿ, ಪಕ್ಕಕ್ಕೊಂದು ಹಿಡಿ ಬೆಸುಗೆ ಹಾಕಿಸಿದರು. ಆಮೇಲೆ ಕಲಾಯಿ. ಹಿತ್ತಾಳೆಯಲ್ಲಿ ಹುಳಿ ನಿಂತರೆ ಕಿಲುಬು ಏಳುತ್ತದೆ, ಅದಕ್ಕೇ ಒಳಗೆ ತವರದ ಲೇಪ ಬೇಕು. ತಿದಿಯೊತ್ತಿ ಕಾಯಿಸಿದ ಪಾತ್ರೆಗೆ ನವಸಾಗರದ ಪುಡಿ ಹಾಕಿದೊಡನೆ ಬಿಳಿಯ ಹೊಗೆ ಎದ್ದಿತು. ತವರ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದನೋ ಇಲ್ಲವೋ, ಒಳಗೆಲ್ಲ ಬೆಳ್ಳಿ! ಊರ ತುಂಬ ಮಗ್ಗದ ಸದ್ದು ಕೇಳಿ ಬೆಳೆದ ನಾವು ಮಕ್ಕಳು ಅದಕ್ಕೆ ‘ಮಗ್ಗದೂರಿನ ಮಗ್ಗು’ ಎಂದು ಹೆಸರಿಟ್ಟೆವು. ಅಜ್ಜಿ ಕೊನೆಯವರೆಗೂ ಮಜ್ಜಿಗೆ ಕುಡಿದದ್ದು ಅದರಲ್ಲೇ.

ಅದೇ ಮನೆಯಲ್ಲಿ ಇನ್ನೊಂದು ಮಗ್ಗೂ ಇತ್ತು. ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ. ಹಿತ್ತಿಲ ಗೋಡೆಯ ಗೂಡಿನಲ್ಲಿ ಒಂದು ಅರ್ಧ ತೆಂಗಿನ ಚಿಪ್ಪು. ಹಿತ್ತಿಲು ಗುಡಿಸಲು ಬರುತ್ತಿದ್ದ ಹೆಂಗಸು ಅದನ್ನು ತಾನೇ ತೆಗೆದುಕೊಂಡು ಹಿಡಿಯಬೇಕು, ಅಜ್ಜಿ ಮೇಲಿನಿಂದ ಕಾಫಿ ಸುರಿಯಬೇಕು. ಕುಡಿದು ತೊಳೆದು ಅಲ್ಲೇ ಬೋರಲು ಹಾಕಿ ಹೋಗಬೇಕು. ಮೋಸವಾದರೆ ‘ಕೈಗೆ ಚಿಪ್ಪು ಕೊಟ್ಟರು’ ಎನ್ನುತ್ತೇವೆ, ‘ಚೊಂಬು ಕೊಟ್ಟರು’ ಎಂದೂ ಅನ್ನುತ್ತೇವೆ. ಮಾತಿನಲ್ಲಿ ಎರಡೂ ಒಂದೇ. ನಮ್ಮ ಮನೆಯಲ್ಲಿ ಮಾತ್ರ ಚೊಂಬು ಒಳಗೆ, ಚಿಪ್ಪು ಹೊರಗೆ.

ಎರಡನ್ನೂ ಮಾಡಿದ್ದು ಒಂದೇ ಕೈ. ಯಾವುದೂ ದಂಡವಾಗಬಾರದೆಂಬ ಒಂದೇ ಬುದ್ಧಿ. ಹಾಗಾದರೆ ಒಂದು ಗುಣವಾಗಿ ಇನ್ನೊಂದು ಪಾಪವಾದದ್ದು ಹೇಗೆ?

ಅಂಬೇಡ್ಕರ್ ಹುಡುಗನಾಗಿದ್ದಾಗ ಶಾಲೆಯ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ಬಾಯಾರಿಕೆ. ಅದೇ ಹುಡುಗ ಬೆಳೆದು 1927ರಲ್ಲಿ ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ನಡೆದು ಅಲ್ಲಿನ ನೀರು ಕುಡಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಹೋಟೆಲಿನಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆಯನ್ನು ಆ ನೆಪದಲ್ಲಿ ಯಾರಿಗಾದರೂ ನಿರಾಕರಿಸುವುದು 1955ರ ಕಾಯಿದೆಯಿಂದ ಅಪರಾಧವಾಯಿತು. ಹೋಟೆಲಿನ ಲೋಟವನ್ನೇನೋ ಕಾನೂನು ಕೇಳೀತು. ಹಿತ್ತಿಲ ಗೂಡಿನ ಚಿಪ್ಪನ್ನು ಕೇಳುವವರು ಯಾರು?

ಅಜ್ಜಿಯ ಕಾಲ ಹಾಗಿತ್ತು ಎಂದು ಹೇಳಿ ನಾನು ಪಾರಾಗಬಹುದಿತ್ತು. ಆದರೆ ನನ್ನ ಅಡುಗೆಮನೆಯ ಕಿಟಕಿ ಇದೆಯಲ್ಲ!

ನಮ್ಮ ಮನೆಯ ಒಂದು ಪಿಂಗಾಣಿ ಕಪ್ಪಿನ ಹಿಡಿ ಮುರಿಯಿತು. ಚೂಪಾಗಿ ಉಳಿದ ಎರಡು ಮೊನೆಗಳನ್ನು ಕಲ್ಲಿಗೆ ಉಜ್ಜಿ ನಯ ಮಾಡಿದೆ. ಅಜ್ಜಿಯ ಮೊಮ್ಮಗಳೆಂದು ಹೆಮ್ಮೆಯೂ ಆಯಿತು. ನಯ ಮಾಡಿದ ಮೇಲೆ ಕೈ ತಾನಾಗಿ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಿತು, ಪಾತ್ರೆ ತೊಳೆಯಲು ಬರುವವಳಿಗೆಂದು. ಇದರಲ್ಲಿ ಜಾತಿಯಿಲ್ಲ, ಒಳ್ಳೆಯ ಕಪ್ಪನ್ನು ಎಸೆಯಬಾರದು ಅಷ್ಟೆ, ಎಂದು ನನಗೆ ನಾನೇ ಹೇಳಿಕೊಂಡೆ. ನಾವು ಕುಡಿಯುವ ಲೋಟಗಳನ್ನೆಲ್ಲ ದಿನಾ ತೊಳೆಯುವುದು ಅವಳದೇ ಕೈ. ಅವಳ ಕೈ ಆಗುತ್ತದೆ, ತುಟಿ ಆಗುವುದಿಲ್ಲವೇ ಎಂಬ ಪ್ರಶ್ನೆ ವರ್ಷವಾದರೂ ನನ್ನ ತಲೆಗೆ ಬರಲಿಲ್ಲ.

ಒಂದು ಸಂಜೆ ನೆಂಟರು ತುಂಬಿದ್ದರು. ಎಲ್ಲರಿಗೂ ಕಾಫಿ ಕೊಟ್ಟಾದ ಮೇಲೆ ನನಗೊಂದು ಲೋಟ ಉಳಿಯಲಿಲ್ಲ. ಕೈ ಕಿಟಕಿಯತ್ತ ಹೋಯಿತು, ಕಪ್ಪಿನ ಹತ್ತಿರ ಹೋಗಿ ನಿಂತಿತು, ಹಾಗೆಯೇ ಹಿಂದಕ್ಕೆ ಬಂತು. ಯಾರೂ ನೋಡಲಿಲ್ಲ. ನಾನು ನೋಡಿದೆ.

ಉಳಿತಾಯದ ಬಗ್ಗೆ ನನಗೀಗ ಗೊತ್ತಿರುವುದು ಇಷ್ಟೇ. ಒಡೆದದ್ದನ್ನು ಸರಿಮಾಡಿ ನಾನೇ ಕುಡಿದರೆ ಅದು ಉಳಿತಾಯ. ನಾನು ಮುಟ್ಟದ್ದನ್ನು ಇನ್ನೊಬ್ಬಳ ಕೈಗಿಟ್ಟು ಅದಕ್ಕೆ ಉಳಿತಾಯವೆಂದು ಹೆಸರಿಟ್ಟರೆ ಅದು ಚಿಪ್ಪು, ಪಿಂಗಾಣಿಯ ಚಿಪ್ಪು.

ಮರುದಿನ ಅವಳಿಗೆ ನಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಹಿಡಿ ಮುರಿದ ಕಪ್ಪಿನಲ್ಲಿ ನನಗೆ ಸುರಿದುಕೊಂಡೆ. ದೊಡ್ಡ ಕೆಲಸ ಮಾಡಿದೆನೆಂಬ ಭಾವ ಮುಖದಲ್ಲಿ ಇದ್ದಿರಬೇಕು. ಅವಳೇನೂ ಹಿಗ್ಗಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ಅಂದಳು: “ಜೋಪಾನ ಕಣಮ್ಮ, ಹಿಡಿ ಇಲ್ಲ, ಬೆರಳು ಸುಡ್ತದೆ. ನಾನು ಸೆರಗಲ್ಲಿ ಹಿಡ್ಕೊಂಡು ಕುಡೀತಿದ್ದೆ.”

ಒಂದು ವರ್ಷ ನನ್ನ ಎದುರಿಗೇ ಕುಡಿದಿದ್ದಳು. ಆ ಸೆರಗನ್ನು ನಾನು ನೋಡಿರಲಿಲ್ಲ.